ಅಳಿಯನ ಸರದಿ

ಕೊಣನೂರು
9-12-1957

ಕರ್ತನಲ್ಲಿ ಪ್ರಿಯರಾದ ಅಪ್ಪನವರಿಗೆ ಕರುಣಮ್ಮನ ವಂದನೆ.

ಕ್ರಿಸ್‌ಮಸ್ಸಿಗೆ ಹಾಸನಕ್ಕೆ ಬರುತ್ತೇವೆ. ರಾತ್ರಿ ಊಟಕ್ಕೆ ಮುಂಚೆ ಎಲ್ಲರ ಕೈಲೂ ಸತ್ಯವೇದದ ಒಂದೊಂದು ವಚನ ಓದಿಸುತ್ತೀರಲ್ಲ, ಈ ಸಲ ಇವರ ಸರದಿ ಬಿಟ್ಟುಬಿಡಿ. ಹೋದ ವರ್ಷ ಕನ್ನಡಕ ಮರೆತೆ ಅಂದರು, ನೀವು ಹೊಸದು ಮಾಡಿಸಿ ಕಳಿಸಿದಿರಿ. ಇವರ ಕಣ್ಣಿಗೆ ಏನೂ ಆಗಿಲ್ಲ. ಇವರಿಗೆ ಓದಲು ಬರುವುದಿಲ್ಲ. ಸಂಜೆ ಕಲಿಸಲು ಕೂತರೆ ಎರಡನೇ ಸಾಲಿಗೇ ಸಿಟ್ಟಾಗಿ ಎದ್ದುಹೋಗುತ್ತಾರೆ. ಈಗ ನಾನು ಕಲಿಸುವ ಪುಸ್ತಕವನ್ನೂ ಹೊಲದ ಗುಡಿಸಲಲ್ಲಿ ಬಚ್ಚಿಟ್ಟಿದ್ದಾರೆ.

ಏನು ಬರೀತಿದ್ದೀಯೆ ಅಂದರು. ಎಲ್ಲ ಕ್ಷೇಮ ಅಂತ ಅಂದೆ. ಓದಲಾರರು ಅನ್ನೋ ಧೈರ್ಯದ ಮೇಲೆ ಅಂಚೆಗೆ ಹಾಕಲು ಇವರ ಕೈಗೇ ಕೊಡುತ್ತಿದ್ದೇನೆ. ನಾನು ಹೇಳಿದ್ದು ಗೊತ್ತಾಗಬಾರದು.

ನಿಮ್ಮ ಮಗಳು,
ಕರುಣಮ್ಮ

ಮಾವಾ, ಅಂಚೆಗೆ ಆಕೋ ಮುಂಚೆ ಓದಿದೆ. ಅರ್ದ ದಿನ ಇಡೀತು. ನನ್ ಸರದಿ ಬುಡಬ್ಯಾಡಿ.
ನಿಮ್ ಅಳಿಯ