ಮಲಗಿದ ಬಾತುಗಳ ಲೆಕ್ಕ

ಸರೋವರದ ಕಾವಲು ಮನೆ,
ಭಾನುವಾರ, ಬೆಳಗ್ಗೆ ಹತ್ತು ಗಂಟೆ

ನನ್ನ ಹಠಮಾರಿ ಮಗನಿಗೆ,

ಕಾಲು ಹೇಗಿದೆ? ಹೊಲಿಗೆ ಬಿಚ್ಚಿದರೇ? ಮೂವತ್ತು ವರ್ಷ ದರ್ಜಿ ಕೆಲಸ ಮಾಡಿದವಳು ನಾನು, ಅವಸರದಲ್ಲಿ ಹೊಲಿಗೆ ಬಿಚ್ಚಿದರೆ ಬಟ್ಟೆಯೇ ಹರಿಯುತ್ತದೆ, ಇನ್ನು ಕಾಲಿನ ಮಾತೇನು? ಡಾಕ್ಟರು ಹೇಳುವವರೆಗೆ ಮಂಚ ಬಿಟ್ಟು ಇಳಿಯಬೇಡ. ನಿನ್ನ ಹೆಂಡತಿಗೂ ಹೇಳು, ನಿನ್ನನ್ನು ನೋಡಿಕೊಳ್ಳುವ ಭರದಲ್ಲಿ ತಾನು ಊಟ ಬಿಡಬಾರದು. ಗಾಳಿಗೆ ಉರುಳಿದ ಫೋನಿನ ಗೋಪುರವನ್ನು ಇಲ್ಲಿ ಇನ್ನೂ ಯಾರೂ ಎತ್ತಿ ನಿಲ್ಲಿಸಿಲ್ಲ, ಅದಕ್ಕೇ ಈ ಕಾಗದ. ಹನ್ನೆರಡಕ್ಕೆ ಉಪ್ಪಿನ ಲಾರಿ ನಗರಕ್ಕೆ ಹೊರಡುತ್ತದೆ, ಅದರ ಡ್ರೈವರ್ ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ನಿನ್ನ ಮಗಳು ಇನ್ನೂ ಮಲಗಿದ್ದಾಳೆ. ಆ ಬಾಯಿಬಡುಕಿ ಎದ್ದರೆ ಒಂದು ಸಾಲು ಬರೆಯಲೂ ಬಿಡುವುದಿಲ್ಲ, ಹಾಗಾಗಿ ಎಬ್ಬಿಸಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಓದಿ ನನ್ನ ಮೇಲೆ ರೇಗಬೇಡ, ರೇಗಲೇಬೇಕಾದರೆ ಮಂಚದ ಮೇಲೆ ಕೂತೇ ರೇಗು. ನೀನು ಆಸ್ಪತ್ರೆ ಸೇರುವಾಗ ಮಗಳನ್ನೂ ಹಕ್ಕಿ ಎಣಿಸುವ ಕೆಲಸವನ್ನೂ ಒಟ್ಟಿಗೇ ನನ್ನ ತಲೆಗೆ ಕಟ್ಟಿ ಹೋದೆ. ಪ್ರತಿ ಶನಿವಾರ ಸುಣ್ಣ ಬಳಿದ ಕಲ್ಲಿನ ಹತ್ತಿರವೇ ನಿಲ್ಲಬೇಕು, ಅಲ್ಲಿಂದಲೇ ದುರ್ಬೀನು ಹಿಡಿದು ಹತ್ತು ಹತ್ತಾಗಿ ಎಣಿಸಬೇಕು. "ಕಲ್ಲು ದಾಟಬೇಡ ಅಮ್ಮಾ, ಹತ್ರ ಹೋದ್ರೆ ಹಕ್ಕಿ ಎದ್ದುಬಿಡುತ್ತೆ, ಲೆಕ್ಕ ಕೆಡುತ್ತೆ. ಮಲಗಿರೋದನ್ನೂ ಬಿಡಬೇಡ" ಎಂದಿದ್ದೆ. ಹಾಳೆಯಲ್ಲಿ ನೀನು ಗೆರೆ ಎಳೆದು ಕೊಟ್ಟದ್ದು ನಾಲ್ಕು ಖಾನೆ: ಈಜುವುದು, ಮೇಯುವುದು, ಮಲಗಿದ್ದು, ಸತ್ತದ್ದು. ಕೊನೆಯ ಖಾನೆಯಲ್ಲಿ ಐದು ವಾರವೂ ಸೊನ್ನೆ ಬರೆದೆ. ಸತ್ತ ಹಕ್ಕಿ ಹತ್ತು ದಾಟಿದರೆ ದಡದ ಗೇಟಿಗೆ ಬೀಗ ಹಾಕಬೇಕು, ಯಾರೂ ನೀರು ಮುಟ್ಟಬಾರದು ಎನ್ನುವ ನಿಯಮ ನಿನಗೆ ಗೊತ್ತು. ಕಾವಲುಗಾರ ನನ್ನ ಸೊನ್ನೆಯನ್ನು ನಂಬಿ ಗೇಟು ತೆರೆದೇ ಇಟ್ಟ.

ನಿಜ ಹೇಳುತ್ತೇನೆ, ಮೊದಮೊದಲು ಈ ಕೆಲಸ ನನಗೆ ಬಹಳ ಹಿಡಿಸಿತು. ಸುತ್ತ ಎಲ್ಲಿ ನೋಡಿದರೂ ಹುಲ್ಲುಕಡ್ಡಿ ಇಲ್ಲದ ಮರಳುಗಾಡು, ನಡುವೆ ಒಂದಿಷ್ಟು ನೀರು, ಆ ನೀರಿಗೆ ಎಲ್ಲೆಲ್ಲಿಂದಲೋ ಬಂದ ನೆಂಟರು. ಗೊರವ ಹಕ್ಕಿಗಳ ಸಿಳ್ಳೆ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳ ಜಗಳ, ಬಾತುಗಳ ಗಲಾಟೆ. ಈ ವಯಸ್ಸಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತಲ್ಲ ಎಂದು ನನ್ನಷ್ಟಕ್ಕೆ ನಾನೇ ಬೀಗಿದೆ. ಮೂರನೇ ವಾರದಿಂದ ಗದ್ದಲ ತಗ್ಗಿತು. ಸೂಜಿಬಾಲದ ಬಾತುಗಳು ಮಾತ್ರ ಮರಳುದಿಬ್ಬದ ಮೇಲೆ ಸಾಲಾಗಿ ಮಲಗಿದ್ದವು, ಇನ್ನೂರ ಎಂಬತ್ತು. ಮುಂದಿನ ವಾರ ಮುನ್ನೂರ ಹತ್ತು, ಅದರಾಚೆ ನಾನೂರು. ಸಂಖ್ಯೆ ಏರಿತೆಂದು ಸಂತೋಷವಾಯಿತು. ದೂರದಿಂದ ಹಾರಿ ಬಂದಿವೆ, ಮಲಗಲಿ ಪಾಪ ಎಂದುಕೊಂಡೆ. ಗೊರವಗಳ ಸಿಳ್ಳೆ ಪೂರ್ತಿ ನಿಂತಿತ್ತು. ನಾತವೂ ಬರುತ್ತಿತ್ತು, ಉಪ್ಪುಕೆಸರಿನದೆಂದು ಮೂಗಿಗೆ ಬಟ್ಟೆ ಹಿಡಿದು ಎಣಿಸಿದೆ.

ನಿನ್ನೆ ಗಾಳಿ ಜೋರಾಗಿತ್ತು. ದುರ್ಬೀನಿನಲ್ಲಿ ನೋಡುತ್ತಿದ್ದಾಗ ಒಂದು ಬಾತಿನ ರೆಕ್ಕೆ ಗಾಳಿಗೆ ತೆರೆದುಕೊಂಡು ಮತ್ತೆ ಮಡಚಿಕೊಂಡಿತು, ಹೊಲಿಗೆ ಬಿಟ್ಟ ಅಂಚಿನ ಹಾಗೆ. ತಲೆ ಮಾತ್ರ ಎತ್ತಲಿಲ್ಲ. ಹಿಂದಿನ ವಾರವೂ ಅದು ಅದೇ ಜಾಗದಲ್ಲೇ ಇತ್ತು. ಮೊದಲ ಸಲ ಕಲ್ಲು ದಾಟಿ ನಡೆದೆ. ಚಪ್ಪಾಳೆ ತಟ್ಟಿದೆ, ಗಂಟಲು ಹರಿಯುವಂತೆ ಕೂಗಿದೆ. ಒಂದೂ ಏಳಲಿಲ್ಲ. ಮೂರು ವಾರ ನಾನು ಎಣಿಸಿದ್ದು ಹೆಣಗಳನ್ನು, ಮಗನೇ. ದಡದಲ್ಲಿ ಕೆಲವಕ್ಕೆ ಇನ್ನೂ ಜೀವವಿತ್ತು. ಅವು ರೆಪ್ಪೆ ತೆರೆಯಲಾರವು, ಹಾರಲಾರವು. ಕತ್ತು ಸೋತು ನೀರಿಗೆ ಬಿದ್ದರೆ ಎತ್ತಿಕೊಳ್ಳಲಾರದೆ ಗೇಣುದ್ದ ನೀರಿನಲ್ಲೇ ಮುಳುಗುತ್ತಿದ್ದವು. ಓಡಿಹೋಗಿ ಕಾವಲುಗಾರನಿಗೆ ಹೇಳಿದೆ. "ಅಲ್ಲಮ್ಮಾ, ಸೊನ್ನೆ ಬರೆದುಕೊಟ್ಟಿದ್ದು ನೀವೇ ಅಲ್ವಾ?" ಎಂದ.

ಬೀಗ ಹಾಕಲು ಗೇಟಿಗೆ ಹೋದರೆ ನಿನ್ನ ಮಗಳು ಗೇಟಿನಾಚೆ ದಡದಲ್ಲಿ ಕೂತಿದ್ದಳು. ಮನೆಯಂಗಳದಲ್ಲಿ ಆಡುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಸೊರಗಿದ ಒಂದು ಗೊರವವನ್ನು ತೊಡೆಯ ಮೇಲಿಟ್ಟುಕೊಂಡು, ಸರೋವರದ ನೀರನ್ನು ಸ್ಟ್ರಾದಿಂದ ಬಾಯಿಗೆ ಎಳೆದು, ಹನಿಹನಿಯಾಗಿ ಅದರ ಕೊಕ್ಕಿಗೆ ಬಿಡುತ್ತಿದ್ದಳು. "ಇದಕ್ಕೆ ಬಾಯಾರಿಕೆ ಅಜ್ಜಿ, ಪಾಪ, ಕತ್ತೇ ನಿಲ್ತಿಲ್ಲ" ಎಂದಳು. ಎತ್ತಿಕೊಂಡು ಬಂದು ಬಾಯಿ ತೊಳೆಸಿದೆ, ಕೈಗೆ ಸೋಪು ಹಾಕಿ ಉಜ್ಜಿದೆ, ಬೆನ್ನಿಗೆ ಎರಡು ಬಾರಿಸಿದೆ, ಆಮೇಲೆ ನಾನೇ ಕೂತು ಅತ್ತೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಮೂರು ಬೆರಳು ತೋರಿಸಿದಳು. ಸಂಜೆ ಊಟ ಬೇಡವೆಂದಳು, ಹೊಡೆದದ್ದಕ್ಕೆ ಮುನಿಸು ಎಂದುಕೊಂಡೆ. ಮಾತು ತೊದಲುತ್ತಿತ್ತು, ಅದು ನಿದ್ದೆಯ ಮಂಪರು. ಬೇಗ ಮಲಗಿಸಿದೆ. ಮೂರು ದಿನ ಬಿಸಿಲಲ್ಲಿ ಅಲೆದ ಮಗು, ಇನ್ನಷ್ಟು ಹೊತ್ತು ಮಲಗಲಿ.

ಕಚೇರಿಯಲ್ಲಿ ತಪ್ಪೆಲ್ಲ ಅಮ್ಮನದು ಎಂದೇ ಹೇಳು. ನನಗೆ ಹೋಗುವ ಮಾನ ಏನೂ ಇಲ್ಲ, ನಿನ್ನ ನೌಕರಿ ಉಳಿಯಲಿ. ಗಂಡ ಹೆಂಡತಿ ಇಬ್ಬರೂ ನೂರು ಕಾಲ ಚೆನ್ನಾಗಿರಿ. ಎರಡು ಕಾಲಿನ ಮೇಲೆ ನಡೆದು ಮನೆಗೆ ಬಾ, ಅಷ್ಟೇ ನನ್ನ ಆಸೆ.

ನಿನ್ನ
ಅಮ್ಮ

ಮೇಲೆ ಬರೆದ ಕಚೇರಿಯ ಮಾತೆಲ್ಲ ಬಿಡು, ಇದನ್ನು ಮೊದಲು ಓದು. ಕಾಗದ ಮಡಚಿ ಅವಳನ್ನು ಎಬ್ಬಿಸಲು ಹೋದೆ. ಎಚ್ಚರವಾಗಿಯೇ ಇದ್ದಾಳೆ. ಕರೆದರೆ ನನ್ನ ಬೆರಳು ಹಿಸುಕುತ್ತಾಳೆ, ಆದರೆ ರೆಪ್ಪೆ ತೆರೆಯಲಾರಳು, ಮಾತು ಹೊರಡುತ್ತಿಲ್ಲ, ಎತ್ತಿಕೊಂಡರೆ ಕತ್ತು ನಿಲ್ಲುತ್ತಿಲ್ಲ. ಹನ್ನೆರಡರವರೆಗೆ ಕಾಯದೆ ಈಗಲೇ ಲಾರಿಯಲ್ಲಿ ಅವಳನ್ನು ಕರೆದುಕೊಂಡು ಹೊರಟಿದ್ದೇನೆ. ಲಾರಿ ನಿಧಾನ, ಅದಕ್ಕೇ ಈ ಕಾಗದವನ್ನು ಕಾವಲುಗಾರ ಬೈಕಿನಲ್ಲಿ ಮುಂದಾಗಿ ತರುತ್ತಿದ್ದಾನೆ. ತಕ್ಷಣ ಡಾಕ್ಟರಿಗೆ ಓದಿ ಹೇಳು, ಬಾತುಗಳದ್ದು, ಸ್ಟ್ರಾದ್ದು, ಮೂರು ದಿನದ್ದು, ಒಂದೂ ಬಿಡಬೇಡ. ನಿನ್ನ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲೇ ನಿಂತಿರಲಿ. ನಾವು ಬಂದಾಗ ಯಾರಾದರೂ ಮುಖ ನೋಡಿ, ಮಗು ನಿದ್ದೆ ಮಾಡ್ತಿದೆ, ಸ್ವಲ್ಪ ಕಾಯಿರಿ ಎಂದರೆ ಕೇಳಬೇಡಿ. ಅವಳು ಮಲಗಿಲ್ಲ.