ಮೆಕ್ಕೆಜೋಳದ ಹಿಟ್ಟು

ತಾಂಬರಂ,
ಶನಿವಾರ

ಪ್ರೀತಿಯ ಜೋಯ್ಸ್ ಅಕ್ಕನಿಗೆ,

ನಿಮ್ಮ ಮನೆಗೆಲಸದ ಮಾರ್ತಾಳ ವಂದನೆಗಳು. ನೀವು ಫೋನ್ ಮಾಡುವಾಗ ನಿಮ್ಮ ಅಮ್ಮ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಪತ್ರವನ್ನು ನೀವಿರುವ ಮಲಾವಿಗೆ ಹೊರಟಿರುವ ಪಾದ್ರಿಗಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಸೇವೆಗೆಂದು ಹೋದ ಊರಿನಲ್ಲಿ ನೀವು ಉಳಿದುಕೊಂಡಿರುವ ಮನೆಯವರ ಜೊತೆ ನೆಲದ ಮೇಲೆ ಕೂತು ಮೆಕ್ಕೆಜೋಳದ ಮುದ್ದೆ ಉಣ್ಣುತ್ತೇನೆ ಎಂದಿದ್ದಿರಲ್ಲ, ಅಂದಿನಿಂದ ಅಮ್ಮ ದಿನಾ ಮಧ್ಯಾಹ್ನ ಅದನ್ನೇ ಮಾಡಿಸುತ್ತಾರೆ. ನಾನು ಮಾಡಿದರೆ ಮುದ್ದೆ ಗಂಟಾಗುತ್ತದೆ. ನಿನ್ನೆ, "ಅನ್ನ ಇಡಲಾ ಅಮ್ಮ?" ಎಂದೆ.

"ಬೇಡ ಮಾ. ಅವಳು ತಿನ್ನೋದು ನನಗೆ ಸೇರಲ್ವಾ? ಗಂಟಿದ್ರೂ ಪರವಾಯಿಲ್ಲ," ಎಂದರು.

ಇನ್ನೊಂದು ವರ್ಷ ಅಲ್ಲೇ ಇರಲಾ ಎಂದು ನೀವು ಕೇಳಿದಾಗ, "ಇರು, ದೇವರ ಕೆಲಸ," ಎಂದರಲ್ಲ. ಫೋನ್ ಇಟ್ಟ ಮೇಲೆ ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ನನ್ನನ್ನು ಕರೆದು, ಹಿಟ್ಟು ತೀರುತ್ತಾ ಬಂತು, ಈ ಸಲ ದೊಡ್ಡ ಚೀಲ ತಾ ಎಂದರು.

ನಾನು ಇನ್ನೂ ತಂದಿಲ್ಲ. ನೀವು ಅಲ್ಲೇ ಇರುವುದಾದರೆ, ಒಂದು ಲೋಟ ಹಿಟ್ಟಿಗೆ ಎಷ್ಟು ನೀರು ಹಾಕಬೇಕೆಂದು ಆ ಮನೆಯ ತಾಯಿಯನ್ನು ಕೇಳಿ ತಿಳಿಸಿ. ಬರುವುದಾದರೆ ಚಿಕ್ಕ ಪೊಟ್ಟಣವೇ ಸಾಕು.

ನಿಮ್ಮ ಮನೆಯ,
ಮಾರ್ತಾ