ಗಾಜಿನೊಳಗಿನ ಚಂದ್ರಕಾಳಿ

ವಡೋದರ
೧೩ ಫೆಬ್ರವರಿ ೧೯೮೩

ಪ್ರೀತಿಯ ಶಾಂತಕ್ಕನಿಗೆ ನಿನ್ನ ತಂಗಿ ಇಂದುಮತಿಯ ನಮಸ್ಕಾರಗಳು.

ನಿನ್ನ ಕಾಗದ ಬಂದ ಮೇಲೆ ಸಂಕ್ರಾಂತಿಯೂ ಕಳೆದುಹೋಯಿತು. ತಡವಾಗಿದ್ದಕ್ಕೆ ಬೈಯುವುದಿದ್ದರೆ ನಮ್ಮ ಕಲಾ ಮಂಡಳವನ್ನು ಬೈಯಿ. ನಾವೆಲ್ಲ ಕ್ಷೇಮ. ಇವರು ಇಲ್ಲಿಗೆ ವರ್ಗವಾಗಿ ಇಷ್ಟು ವರ್ಷವಾದರೂ ಬೆಲ್ಲ ಹಾಕಿದ ಬೇಳೆಸಾರು ಕಂಡರೆ ಮುಖ ಸಿಂಡರಿಸುತ್ತಾರೆ, ಆಮೇಲೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಶನಿವಾರ ಶನಿವಾರ ಅಲಕಾಪುರಿಯ ಕಮಲಾಬೆನ್ ಮನೆಯಲ್ಲಿ ಮಂಡಳ ಕೂಡುತ್ತದೆ. ಒಬ್ಬೊಬ್ಬರು ತಮ್ಮ ಮನೆಯ ತೋರಣವನ್ನೋ ಕೆತ್ತನೆಯ ಪೆಟ್ಟಿಗೆಯನ್ನೋ ತಂದು, ಅದನ್ನು ಹೇಗೆ ಮಾಡಿದ್ದಾರೆ, ಹೇಗೆ ನೋಡಬೇಕು ಎಂದು ಉಳಿದವರಿಗೆ ತಿಳಿಸಬೇಕು. ಈ ಸಲ ಕಾಲೇಜಿನ ಹುಡುಗಿಯರಿಗೂ ಕಲಿಯಲು ಅನುಕೂಲವಾಗಲೆಂದು ಪ್ರದರ್ಶನ ಏರ್ಪಡಿಸಿದೆವು. ನಾನು ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಟ್ಟೆ.

ಗಾಬರಿಯಾಗಬೇಡ. ಹೌದು, ಮಗಳು ತಾರಾ ಫ್ರಾಕು ಹಾಕುತ್ತಿದ್ದಾಗಿನಿಂದ ಅವಳ ಮದುವೆಗೆಂದು ನಾನು ಹೊಲಿಯುತ್ತಿದ್ದ ಸೀರೆಯೇ. ಸೂರತ್ತಿನ ಬೀಗರು ಗುಜರಾತಿಗಳು. ನಮ್ಮಲ್ಲಿ ಮದುಮಗಳಿಗೆ ಚಂದ್ರಕಾಳಿ ಇಲ್ಲದಿದ್ದರೆ ಆಗದು, ಇಲ್ಲಿ ಮದುವೆಯಲ್ಲಿ ಕಪ್ಪು ಅಪಶಕುನ. ಸೀರೆ ತೆಗೆದು ತೋರಿಸಿದಾಗ ತಾರಾ ತನ್ನ ಅರ್ಧ ಹಿಂದಿಯ ಕನ್ನಡದಲ್ಲಿ, "ಅವ್ವಾ, ಅವರ ಮನ್ಯಾಗ ಕಾಲಾ ರಂಗ್ ನಡ್ಯಂಗಿಲ್ಲ. ಅತ್ತಿಯವರು ಸಾಫ್ ಹೇಳ್ಯಾರ" ಅಂದಳು. ಅವರ ಪದ್ಧತಿ ಅವರಿಗೆ. ನಾನು ವಾದಕ್ಕೆ ಹೋಗಲಿಲ್ಲ.

ಕಮಲಾಬೆನ್ ಸೀರೆಯನ್ನು ಮಗುಚಿ ಗಂಟು ಹುಡುಕಿದರು. ಗವಂತಿ ಹೊಲಿಗೆಗೆ ಗಂಟೇ ಇಲ್ಲ, ಎರಡು ಕಡೆಯೂ ಒಂದೇ ಎಂದು ನನ್ನ ಹರಕು ಗುಜರಾತಿಯಲ್ಲಿ ವಿವರಿಸಿದೆ. ಗಾಜಿನ ಕಪಾಟಿನೊಳಗೆ ಯಾವ ಕಡೆ ಕಾಣುವಂತೆ ತೂಗುಹಾಕಬೇಕೆಂದು ಅರ್ಧ ಸಭೆ ಜಗಳವಾಡಿತು. ಕೊನೆಗೆ ಸೀರೆಯನ್ನು ಮಂಡಳದ ಸಂಗ್ರಹಕ್ಕೇ ಬರೆದುಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೆಟ್ಟಿಗೆಯಲ್ಲಿ ನುಸಿ ತಿನ್ನುವುದಕ್ಕಿಂತ ನಾಲ್ಕು ಜನ ನೋಡಿ ಕಲಿಯುವುದು ಮೇಲಲ್ಲವೇ?

ಮದುವೆ ವೈಶಾಖದಲ್ಲಿ. ನೀನು, ಭಾವ ಮೊದಲೇ ಬಂದು ನಿಂತು ನಡೆಸಿಕೊಡಬೇಕು. ಮಕ್ಕಳಿಗೆ ನನ್ನ ಆಶೀರ್ವಾದ, ಅವರ ಓದು ಚೆನ್ನಾಗಿ ಸಾಗಲಿ.

ನಿನ್ನ
ಇಂದು

ತಾ.ಕ.: ನಿನ್ನೆ ಪ್ರದರ್ಶನಕ್ಕೆ ಬೀಗಿತ್ತಿ ಹಂಸಾಬೆನ್ ತಾರಾಳ ಜೊತೆ ಬಂದಿದ್ದರು. ಸೀರೆಯ ಮುಂದೆ ಬಹಳ ಹೊತ್ತು ನಿಂತು, ಇಂಥದ್ದನ್ನು ಸೊಸೆಗೆ ಕೊಡದೆ ಗಾಜಿನೊಳಗೆ ಯಾಕೆ ಇಟ್ಟಿರಿ ಎಂದು ಕೇಳಿದರು. ನಿಮ್ಮಲ್ಲಿ ಕಪ್ಪು ಆಗುವುದಿಲ್ಲವಲ್ಲ ಅಂದೆ. "ನಾನು ಯಾವಾಗ ಹಾಗಂದೆ? ಸೀರೆಯ ಸುದ್ದಿಯನ್ನೇ ನನಗೆ ಯಾರೂ ಹೇಳಲಿಲ್ಲ" ಅಂದರು. ತಾರಾ ಅಲ್ಲೇ ಇದ್ದಳು, ನೆಲ ನೋಡುತ್ತಿದ್ದಳು. ನಾನೇ ತಪ್ಪು ತಿಳಿದುಕೊಂಡೆ ಎಂದು ನಕ್ಕುಬಿಟ್ಟೆ. ಅಕ್ಕಾ, ಬೇಡವಾಗಿದ್ದರೆ ನನಗೆ ಬೇಡ ಎಂದು ಒಂದು ಮಾತು ಹೇಳಬಾರದಿತ್ತೇ ಅವಳು?